ಹೊರಗಿನ ಕುರಿಗಳು

೧೨ ಜನವರಿ

ಮೊಂಡಿ,

ಈ ಪತ್ರದಲ್ಲಿ ಕ್ಷೇಮ ಸಮಾಚಾರ ಇಲ್ಲ. ನನ್ನ ಮಂಡಿನೋವು, ನಿನ್ನಪ್ಪನ ಕೆಮ್ಮು, ಕುಂಟ ಟಗರಿನ ಪುಂಡಾಟ, ಇವನ್ನೆಲ್ಲ ಇನ್ನೊಂದು ದಿನ ಬರೆಯುತ್ತೇನೆ. ಇವತ್ತು ನನಗೆ ಮೈ ಉರಿಯುತ್ತಿದೆ.

ನಿನ್ನೆ ಬಯಲು ಸಮಿತಿಯವರು ಸಭೆ ಕರೆದಿದ್ದರು. ಶಾಲೆಯ ದೊಡ್ಡ ಕೋಣೆಯಲ್ಲಿ, ಮಕ್ಕಳು ಕೂರುವ ಬೆಂಚಿನ ಮೇಲೆ ನಮ್ಮನ್ನೆಲ್ಲ ಕೂರಿಸಿದರು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸಿದರು. ಮೇಲಿನ ಬಯಲಿಗೆ ಬೇಲಿ ಹಾಕುತ್ತಾರಂತೆ. ಹುಲ್ಲು ಮೊದಲು ಹೇಗಿತ್ತೋ ಹಾಗೆ ಬೆಳೆಯಬೇಕಂತೆ. ನೋಡಲು ಬರುವವರಿಗೆ ಹಲಗೆ ಹಾಸಿದ ದಾರಿ, ನೆರಳಿಗೊಂದು ಚಾವಣಿ. ಕುರಿಗೆ ಮಾತ್ರ ಜಾಗವಿಲ್ಲ.

ಆಮೇಲೆ ಸಮಿತಿಯ ಕಾರ್ಯದರ್ಶಿ, ಆ ಇಸ್ತ್ರಿ ಅಂಗಿಯವನು, "ಇದು ನಮ್ಮ ಅಭಿಪ್ರಾಯ ಅಲ್ಲ, ವಿಜ್ಞಾನ" ಅಂದ. ಬಟ್ಟೆಯ ಮೇಲೆ ಒಂದು ಪುಟ ಬಂತು. ಮೂರು ವರ್ಷದ ಹಿಂದೆ ನಿಮ್ಮ ಪ್ರೊಫೆಸರರು ಬಂದು ಮೇಲಿನ ಬಯಲಿನ ಹಳೆಯ ದೊಡ್ಡಿಯನ್ನು ಅಗೆಸಿದರಲ್ಲ, ಸಾವಿರಾರು ವರ್ಷದ ಹಿಂದಿನ ಕುರಿಹಲ್ಲು ಹೆಕ್ಕಿಕೊಂಡು ಹೋದರಲ್ಲ, ಅದರ ವರದಿ. ಮೇಲುಗಡೆ ಮೂರು ಹೆಸರು. ಮೂರನೆಯದು ನಿನ್ನದು.

ಮೊಂಡಿ, ನಾನು ಚಪ್ಪಾಳೆ ತಟ್ಟಿದೆ.

ಪಕ್ಕದವಳನ್ನು ತಿವಿದು, ನಮ್ಮ ಹುಡುಗಿ ಅಂತ ತೋರಿಸಿ, ಒಬ್ಬಳೇ ತಟ್ಟಿದೆ. ನಾನು ತಟ್ಟಿದ್ದು ನೋಡಿ ಇನ್ನು ನಾಲ್ಕು ಜನ ತಟ್ಟಿದರು. ಅವನು ನಗುತ್ತಾ ಕಾದು, ಸದ್ದು ನಿಂತ ಮೇಲೆ, ಬೆರಳಿಟ್ಟು ಒಂದು ಸಾಲು ಓದಿದ: ಮೇಲಿನ ಬಯಲಿನಲ್ಲಿ ಸಿಕ್ಕ ಕುರಿಗಳು ಅಲ್ಲಿಯವಲ್ಲ, ಹೊರಗಿನವು. "ಅಂದರೆ ಇಲ್ಲಿ ಕುರಿ ಮೇಯಿಸೋದು ಅವತ್ತೂ ಇಲ್ಲಿನ ಸಹಜ ಪದ್ಧತಿಯಾಗಿರಲಿಲ್ಲ. ಆ ಅಮ್ಮ ಕೂಡ ಒಪ್ಪಿ ಚಪ್ಪಾಳೆ ಹೊಡೆದರು" ಅಂದ.

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಅಂದರೆ ಇದು. ಆ ಕೈಯನ್ನು ಎಲ್ಲಿ ಬಚ್ಚಿಡಲಿ ಅಂತ ತಿಳಿಯದೆ ಸೆರಗಿನೊಳಗೆ ಸುತ್ತಿಕೊಂಡು ಮನೆಗೆ ಬಂದೆ.

ಒಂದೇ ಪ್ರಶ್ನೆ. ಆ ಸಾಲು ನೀನು ಬರೆದದ್ದೇ?

ನಿನ್ನ ಅತ್ತೆ


೨೪ ಜನವರಿ

ಅತ್ತೆ,

ನಿನ್ನ ಪತ್ರ ಬಂತು. ದಯವಿಟ್ಟು ಸಮಾಧಾನವಾಗಿ ಓದು.

ಆ ಸಾಲು ತಪ್ಪಲ್ಲ. ಅವರು ಅದನ್ನು ಓದಿದ ರೀತಿ ತಪ್ಪು. ನಾವು ಏನು ಮಾಡುತ್ತೇವೆ ಅಂತ ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ, ಈಗ ಹೇಳುತ್ತೇನೆ.

ಕುರಿ ಮೇಯ್ದ ಹುಲ್ಲು, ಕುಡಿದ ನೀರು ಅದರ ಹಲ್ಲಿನಲ್ಲಿ ಉಳಿಯುತ್ತದೆ. ಹಲ್ಲಿನ ಹೊರಪದರ ಒಂದು ಸಲ ಗಟ್ಟಿಯಾದರೆ ಮತ್ತೆ ಬದಲಾಗುವುದಿಲ್ಲ, ಎಷ್ಟು ಸಾವಿರ ವರ್ಷ ಮಣ್ಣಿನಲ್ಲಿದ್ದರೂ. ಕಲ್ಲಿನಲ್ಲಿ ಸ್ಟ್ರಾಂಷಿಯಂ ಅಂತ ಒಂದು ಧಾತು ಇರುತ್ತದೆ. ಅದರಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಸ್ವಲ್ಪ ಭಾರದ್ದು, ಸ್ವಲ್ಪ ಹಗುರದ್ದು ಇರುತ್ತವೆ. ಅವನ್ನೇ ಐಸೋಟೋಪ್ ಅನ್ನುವುದು. ಮೇಲಿನ ಬಯಲಿನ ಕರಿಬಂಡೆಯಲ್ಲಿ ಅವುಗಳ ಪ್ರಮಾಣ ಒಂದು ಥರ, ಕೆಳಗಿನ ಸುಣ್ಣಕಲ್ಲಿನಲ್ಲಿ ಇನ್ನೊಂದು ಥರ. ಕಲ್ಲಿನಿಂದ ಮಣ್ಣಿಗೆ, ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಲ್ಲಿಗೆ. ಹಲ್ಲಿಗೆ ಸಣ್ಣ ತೂತು ಕೊರೆದು, ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಯಂತ್ರಕ್ಕೆ ಕೊಟ್ಟರೆ ಕುರಿ ಯಾವ ನೆಲದ ಮೇವು ತಿಂದಿತ್ತು ಅಂತ ತಿಳಿಯುತ್ತದೆ.

ಹಲ್ಲು ಕಚ್ಚುವ ತುದಿಯಿಂದ ಶುರುವಾಗಿ ಬೇರಿನ ಕಡೆಗೆ ಬೆಳೆಯುತ್ತದೆ. ಹಾಗಾಗಿ ಮೇಲಿಂದ ಕೆಳಕ್ಕೆ ಏಣಿಯ ಮೆಟ್ಟಿಲಿನಂತೆ ಸಾಲಾಗಿ ಕೊರೆಯುತ್ತಾ ಬಂದರೆ ತಿಂಗಳು ತಿಂಗಳಿನ ಲೆಕ್ಕ ಸಿಗುತ್ತದೆ. ಮೊದಲ ಮೆಟ್ಟಿಲು ಅಂದರೆ ಮರಿ ಹುಟ್ಟಿದ ಕಾಲ. ನಮ್ಮ ವರದಿ ಹೇಳುವುದು ಇಷ್ಟೇ: ಆ ಕುರಿಗಳು ಹುಟ್ಟಿದ್ದು ಮೇಲಿನ ಬಯಲಿನಲ್ಲಲ್ಲ. ಅದು ನಿಜ.

ಸಮಿತಿಯವರು ಅದನ್ನು ಹೇಗೆ ಬಳಸಿಕೊಳ್ಳುತ್ತಾರೆ ಅನ್ನುವುದು ನನ್ನ ಕೈಯಲ್ಲಿಲ್ಲ. ಸಭೆಯಲ್ಲಿ ನನ್ನ ಹೆಸರು ಎತ್ತಬೇಡ. ಜೂನ್ ತಿಂಗಳಲ್ಲಿ ನನ್ನ ಕೆಲಸ ಕಾಯಂ ಆಗುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಅದು ಪ್ರೊಫೆಸರರ ಕೈಯಲ್ಲಿದೆ.

ಅಪ್ಪನ ಕೆಮ್ಮು ಹೇಗಿದೆ?

ಮೊಂಡಿ


೨ ಫೆಬ್ರವರಿ

ಮೊಂಡಿ,

ಸಮಾಧಾನವಾಗಿಯೇ ಓದಿದೆ. ಮೂರು ಸಲ ಓದಿದೆ. ನಿನ್ನಪ್ಪ ಶಾಲೆಗೆ ಹೋಗಿ ಬಂದು ಬಿಸಾಕುತ್ತಿದ್ದ ಪುಸ್ತಕದಲ್ಲಿ ಅಕ್ಷರ ಕಲಿತವಳು ನಾನು. ಮೂರು ಸಲ ಓದುವುದು ನನಗೆ ಅಭ್ಯಾಸ. ಹುಲ್ಲಿನಿಂದ ಹಲ್ಲಿಗೆ ಅಂದದ್ದು ಬಹಳ ಚೆನ್ನಾಗಿದೆ. ಅಣ್ಣತಮ್ಮಂದಿರ ಕಥೆಯೂ ಚೆನ್ನಾಗಿದೆ. ಉಳಿದದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ.

ಹುಟ್ಟಿದ್ದು ಮೇಲಲ್ಲ ಅಂತೀಯ. ಮೇಲೆ ಯಾವ ಕುರಿ ಈದೀತು? ಚಳಿಯಲ್ಲಿ ಕೆಳಗೆ ಈಯುತ್ತವೆ, ಬಿಸಿಲು ಏರಿದ ಮೇಲೆ ಮರಿ ಕಟ್ಟಿಕೊಂಡು ಹತ್ತುತ್ತವೆ, ಗಾಳಿ ತಿರುಗಿದ ಮೇಲೆ ಇಳಿಯುತ್ತವೆ. ಇದನ್ನು ನಿನಗೆ ನಾನು ಹೇಳಿಕೊಡಬೇಕೇ? ನೀನು ಹುಟ್ಟಿದ್ದೂ ಕೆಳಗಿನ ಆಸ್ಪತ್ರೆಯಲ್ಲಿ. ಹಲ್ಲು ಬರುವ ಮುಂಚೆ ನನ್ನ ಬೆನ್ನ ಮೇಲೆ ಬಯಲಿಗೆ ಹತ್ತಿದವಳು. ನನ್ನ ಕಿವಿ ಚೀಪಿ ಚೀಪಿ ದಾರಿಯುದ್ದಕ್ಕೂ ಒದ್ದೆ ಮಾಡಿದವಳು. ನಿನ್ನ ಹಲ್ಲಿಗೂ ಒಂದು ತೂತು ಹಾಕಿ ಹೊರಗಿನವಳು ಅಂತ ಬರೆಯಲೇನು?

ನಿನಗೆ ಗೊತ್ತಿಲ್ಲದ ವಿಷಯವಾಗಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೀಯಲ್ಲ, ಅದಕ್ಕೆ.

ಇನ್ನೊಂದು. ಏಣಿ ಅಂದೆ. ಮೇಲಿಂದ ಕೆಳಕ್ಕೆ ಸಾಲಾಗಿ ಕೊರೆಯುತ್ತೇವೆ ಅಂದೆ. ನಿನ್ನಪ್ಪ ಕಾರ್ಯದರ್ಶಿಯ ಹತ್ತಿರ ಆ ಪುಟ ಕೇಳಿ ಇಸಿದುಕೊಂಡು ಬಂದು ಗೋಡೆಗೆ ಅಂಟಿಸಿದ್ದಾನೆ. ಅದರಲ್ಲಿ ಹಲ್ಲಿನ ಚಿತ್ರವೂ ಇದೆ, ನಾನು ಕನ್ನಡಕ ಹಾಕಿ ನೋಡಿದೆ. ಪ್ರತಿ ಹಲ್ಲಿಗೂ ಒಂದೇ ತೂತು, ತುದಿಯಲ್ಲಿ. ಅಂದರೆ ಮೊದಲ ಮೆಟ್ಟಿಲು ಮಾತ್ರ. ಉಳಿದ ಮೆಟ್ಟಿಲು ಎಲ್ಲಿ ಹೋದವು?

ಕೊರೆಯಲಿಲ್ಲವೋ, ಕೊರೆದು ಬಚ್ಚಿಟ್ಟಿರೋ?

ನಿನ್ನಪ್ಪನ ಕೆಮ್ಮು ಹಾಗೇ ಇದೆ. ಎದೆ ಮಾತ್ರ ಎರಡಿಂಚು ಉಬ್ಬಿದೆ. ಮನೆಗೆ ಬಂದವರಿಗೆಲ್ಲ ಗೋಡೆ ತೋರಿಸುತ್ತಾನೆ.

ಅತ್ತೆ


೨೭ ಫೆಬ್ರವರಿ

ಅತ್ತೆ,

ತಡವಾಯಿತು. ಯಂತ್ರ ಕೆಟ್ಟಿತ್ತು, ಮೇಲಿಂದ ಮೇಲೆ ಕೆಲಸ. ಇನ್ನೂ ಪ್ರಕಟವಾಗದ ವಿಷಯದ ಬಗ್ಗೆ ನಾನು ಹೊರಗೆ ಮಾತಾಡುವ ಹಾಗಿಲ್ಲ. ದಯವಿಟ್ಟು ಅರ್ಥಮಾಡಿಕೋ.

ನಿನ್ನ ಮಂಡಿಗೆ ಮುಲಾಮು ಕಳಿಸಿದ್ದೇನೆ.

ಮೊಂಡಿ


೬ ಮಾರ್ಚ್

ಮಾನ್ಯ ವಿಜ್ಞಾನಿಗಳಿಗೆ,

ತಾವು ಕಳಿಸಿದ ಮುಲಾಮು ತಲುಪಿತು. ತಮ್ಮ ಅಮೂಲ್ಯ ಸಮಯದಲ್ಲಿ ಇಷ್ಟು ಬಿಡುವು ಮಾಡಿಕೊಂಡದ್ದಕ್ಕೆ ಈ ಹೊರಗಿನವಳು ಕೃತಜ್ಞಳು. ನಮ್ಮಂಥವರ ಜೊತೆ ತಾವು ಮಾತಾಡುವ ಹಾಗಿಲ್ಲವೆಂದು ತಿಳಿದು ಸಂತೋಷವಾಯಿತು. ತಮ್ಮ ಮಾತನ್ನು ಆಡಲು ಸಮಿತಿಯವರಿದ್ದಾರೆ, ತಾವೇಕೆ ಆಯಾಸಪಡಬೇಕು?

ತಮ್ಮ ಗಮನಕ್ಕೆ ಕೆಲವು ಸಂಗತಿಗಳು.

ಬೇಲಿಯ ಕಂಬಗಳು ಬಂದಿವೆ. ಬಯಲಿಗೆ ಹತ್ತುವ ದಾರಿಯ ಬಾಯಲ್ಲಿ ರಾಶಿ ಹಾಕಿದ್ದಾರೆ. ಮೇಯಿಸುವ ಹಕ್ಕು ತಮ್ಮ ತಂದೆಯವರ ಹೆಸರಿನಲ್ಲಿರುವುದು ತಮಗೆ ಗೊತ್ತೇ ಇದೆ. ಅಕ್ಕನಾಗಿ ಅವರಿಗಿಂತ ಮೊದಲು ಹುಟ್ಟಿ, ಅವರಿಗಿಂತ ಮೊದಲು ಆ ದಾರಿ ಹತ್ತಿದವಳು ನಾನಾದರೂ ಕಾಗದದಲ್ಲಿ ನಾನಿಲ್ಲ. ಇರಲಿ, ಅದು ಬೇರೆ ಹೊಟ್ಟೆಯುರಿ. ಹಕ್ಕು ಬಿಟ್ಟುಕೊಟ್ಟೆ ಅಂತ ಅವರೊಬ್ಬರು ಸಹಿ ಹಾಕಿದರೆ ಸಾಕು, ಕಂಬ ನೆಡುತ್ತಾರೆ. ಮಾರ್ಚ್ ಮೂವತ್ತಕ್ಕೆ ವಿಚಾರಣೆ ಇಟ್ಟಿದ್ದಾರೆ. ಬದಲಿಗೆ ತಮ್ಮ ತಂದೆಯವರಿಗೆ ಗೇಟಿನ ಕಾವಲುಗಾರನ ಕೆಲಸ ಕೊಡುತ್ತಾರಂತೆ. ಟೋಪಿಯ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಅವರು ಸಹಿ ಹಾಕುವುದಕ್ಕೆ ತೀರ್ಮಾನ ಮಾಡಿಯಾಗಿದೆ. ಟೋಪಿಯ ಆಸೆಗಲ್ಲ, ಅಷ್ಟು ಚಿಲ್ಲರೆ ಮನುಷ್ಯ ಅವರಲ್ಲ. ಮೊನ್ನೆ ನಾನು ಜಗಳಕ್ಕೆ ನಿಂತಾಗ ಗೋಡೆಯ ಕಡೆ ಕೈ ತೋರಿಸಿ, "ನನ್ನ ಮಗಳು ಹೇಳಿದ್ದಾಳೆ, ಅಕ್ಕ. ಅವಳು ಹಗಲೂ ರಾತ್ರಿ ಓದಿದ್ದಕ್ಕೆ ನಾನು ಮರ್ಯಾದೆ ಕೊಡದೆ ಇನ್ಯಾರು ಕೊಡ್ತಾರೆ?" ಅಂದರು.

ತಮ್ಮ ಮಾತಿಗೆ ಮರ್ಯಾದೆ ಕೊಡಲು ಒಬ್ಬ ಮನುಷ್ಯ ತನ್ನ ಕಾಲಿನ ಕೆಳಗಿನ ದಾರಿಯನ್ನೇ ಸುತ್ತಿ ಕೊಡಲು ಹೊರಟಿದ್ದಾನೆ. ತಾವು ಯಂತ್ರ ರಿಪೇರಿ ಮಾಡಿಸಿಕೊಳ್ಳಿ.

ಇಂತಿ ತಮ್ಮ ವಿಧೇಯ,
ಚಪ್ಪಾಳೆ ತಟ್ಟಿದವಳು


೧೫ ಮಾರ್ಚ್

ಅತ್ತೆ,

ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನು ತಾವು ಅಂದೆಯಲ್ಲ, ಆ ಪತ್ರವನ್ನು ಪ್ರಯೋಗಾಲಯದ ತೊಳೆಯುವ ಕೋಣೆಯಲ್ಲಿ ನಿಂತು ಓದಿದೆ. ಅಪ್ಪ ಸಹಿ ಹಾಕುತ್ತಾನೆ ಅಂತ ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಅವನು ಆ ಪುಟವನ್ನು ಗೋಡೆಗೆ ಹಾಕಿದ್ದು ನನ್ನ ಹೆಸರು ಇದೆ ಅಂತ ಮಾತ್ರ ಅಂದುಕೊಂಡಿದ್ದೆ.

ಉಳಿದ ಮೆಟ್ಟಿಲುಗಳನ್ನು ಕೊರೆದದ್ದು ನಾನೇ. ಒಬ್ಬಳೇ, ಒಂದು ಚಳಿಗಾಲ ಪೂರ್ತಿ. ಕೂದಲೆಳೆಯಷ್ಟು ತಪ್ಪಿದರೆ ಎರಡು ತಿಂಗಳು ಬೆರೆತುಹೋಗುತ್ತವೆ, ಹಾಗಾಗಿ ಉಸಿರು ಬಿಗಿ ಹಿಡಿದು ಕೊರೆಯಬೇಕು. ಫಲಿತಾಂಶ ಬಂದಾಗ ನನಗೆ ನಗು ಬಂತು. ಹುಟ್ಟಿದಾಗ ಕೆಳಗಿನ ಸುಣ್ಣಕಲ್ಲು. ಆಮೇಲೆ ಕರಿಬಂಡೆ. ಮತ್ತೆ ಸುಣ್ಣಕಲ್ಲು. ಮತ್ತೆ ಕರಿಬಂಡೆ. ಕುಡಿದದ್ದು ಯಾವ ಕಾಲದಲ್ಲಿ ಅಂತ ಹೇಳುವ ನೀರಿನ ಲೆಕ್ಕವೂ ಅದಕ್ಕೆ ಸರಿಯಾಗಿ ತಾಳೆಯಾಗುತ್ತದೆ: ಸೆಕೆಯಲ್ಲಿ ಮೇಲೆ, ಚಳಿಯಲ್ಲಿ ಕೆಳಗೆ. ನೀನು ಬರೆದೆಯಲ್ಲ, ಅದೇ ಬಂದು ಯಂತ್ರದ ಕಾಗದದಲ್ಲಿ ಕೂತಿತ್ತು.

ವರದಿ ಬರೆಯುವ ಹೊತ್ತಿಗೆ ಪ್ರೊಫೆಸರರು ಹೇಳಿದರು, ಏಣಿ ಇನ್ನೊಂದು ಲೇಖನಕ್ಕಿರಲಿ, ಇದಕ್ಕೆ ಒಂದು ತೂತು, ಒಂದು ವಾಕ್ಯ ಸಾಕು, ಓದುವವರಿಗೆ ಗೊಂದಲ ಬೇಡ. ನಾನು ತಲೆಯಾಡಿಸಿದೆ. ಇಲ್ಲಿ ಎಲ್ಲರೂ ಒಂದು ಹಣ್ಣನ್ನು ನಾಲ್ಕು ಹೋಳು ಮಾಡಿ ನಾಲ್ಕು ಹಣ್ಣು ಅಂತ ಮಾರುವವರೇ. ಅದು ಬಯಲಿನ ತನಕ ಉರುಳಿಕೊಂಡು ಬರುತ್ತದೆ ಅಂತ ಹೊಳೆಯಲಿಲ್ಲ.

ನಿನ್ನ ಪತ್ರ ಓದಿದ ಮರುದಿನ ಅವರ ಕೋಣೆಗೆ ಹೋದೆ. ಸಮಿತಿಗೆ ಒಂದು ವಿವರಣೆ ಬರೆಯೋಣ, ಆ ವಾಕ್ಯದ ಅರ್ಥ ಅದಲ್ಲ ಅಂತ ಹೇಳೋಣ ಅಂದೆ. ಅವರು ಆ ಸಮಿತಿಗೇ ಸಲಹೆಗಾರರಂತೆ, ಅತ್ತೆ. ಅದು ನನಗೆ ಅವತ್ತು ಗೊತ್ತಾಯಿತು. ಚಹಾ ಕುಡಿಯುತ್ತಾ, ಬಹಳ ಪ್ರೀತಿಯಿಂದ ಹೇಳಿದರು: "ನೀನು ಆ ಮನೆಯವಳು. ಏಣಿ ಕೊರೆದವಳೂ ನೀನೇ. ನಾಳೆ ಇದನ್ನ ತೋರಿಸಿದ್ರೆ ಕುರಿಯವರ ಮಗಳು ಕುರಿಯವರ ಪರ ಕೊರೆದಳು ಅಂತಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅಗೆಯುವುದಕ್ಕೆ ಅಪ್ಪನ ಒಪ್ಪಿಗೆ ಬೇಕಾದಾಗ ಇದೇ ಮನುಷ್ಯ ನನ್ನನ್ನು ಮುಂದೆ ನಿಲ್ಲಿಸಿ, "ಇವಳು ಈ ಬಯಲಿನವಳೇ, ಅಂಗೈಯಷ್ಟು ಗೊತ್ತು" ಅಂತ ಎಲ್ಲರಿಗೂ ಪರಿಚಯ ಮಾಡಿಸಿದ್ದರು. ಬಾಗಿಲು ತೆಗೆಯಿಸುವುದಕ್ಕೆ ನಾನು ಆ ಮನೆಯವಳಾಗಬೇಕು, ಬಾಯಿ ತೆಗೆಯುವುದಕ್ಕೆ ಆಗಬಾರದು. ಅವರಿಗೆ ಅಲ್ಲಿ ಒಂದು ಕುರಿಯೂ ಇಲ್ಲ, ಅದಕ್ಕೇ ಅವರು ನಿಷ್ಪಕ್ಷಪಾತಿ.

ಮೂರು ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ದುಃಖಕ್ಕಲ್ಲ, ಸಿಟ್ಟಿಗೆ.

ನಿನ್ನ ಮೊಂಡಿ


೨೧ ಮಾರ್ಚ್

ಮಗಳೇ,

ಮೊದಲು ಊಟ ಮಾಡು. ಹೊಟ್ಟೆಗಿಲ್ಲದ ಸಿಟ್ಟು ಬೇಗ ಸುಸ್ತಾಗುತ್ತದೆ, ನಮಗಿನ್ನೂ ಬಹಳ ಕೆಲಸವಿದೆ.

ನಿನ್ನ ಪ್ರೊಫೆಸರರು ನಮ್ಮ ಮನೆಯ ಜಗಲಿಯಲ್ಲಿ ಕೂತು ನನ್ನ ಕೈಯಿಂದ ಎರಡು ಲೋಟ ಹಾಲು ಕುಡಿದು, "ನಿಮ್ಮಂಥವರಿಂದಲೇ ಚರಿತ್ರೆ ಉಳಿದಿದೆ" ಅಂದಿದ್ದರು. ನಾನು ಪೆದ್ದಿ, ಮೂರನೆಯ ಲೋಟವನ್ನೂ ಕೊಟ್ಟೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಹಾಲು ಕುಡಿದು ಬಂದು ಬೇಲಿ ಹಾಕುವುದನ್ನು ಈಗ ಕಂಡೆ.

ಆದರೆ ನಿನಗೊಂದು ಮಾತು ಹೇಳಬೇಕು. ಏಣಿ ತೋರಿಸಿ ಗೆದ್ದುಕೊಂಡು ಬಾ ಅಂತ ನಾನು ಹೇಳುತ್ತಿಲ್ಲ. ನಾಲ್ಕು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಆ ಮೆಟ್ಟಿಲುಗಳಲ್ಲಿ ಬೇರೆ ಏನಾದರೂ ಬಂದಿದ್ದರೆ? ಕುರಿಗಳು ಒಂದೇ ಸಲ ಹತ್ತಿ, ಅಲ್ಲೇ ಸತ್ತು, ಇನ್ನು ಬರಲೇ ಇಲ್ಲ ಅಂತ ಬಂದಿದ್ದರೆ? ಆಗ ನಮ್ಮನ್ನು ಓಡಿಸುವುದು ನ್ಯಾಯವಾಗುತ್ತಿತ್ತೇ? ಯಾವುದೋ ಕಾಲದ ಕುರಿಯ ಬಾಯಿ ಬಿಡಿಸಿ ಅದರ ಹಲ್ಲು ಎಣಿಸಿ ನಮಗೆ ಇವತ್ತು ಹುಲ್ಲು ಕೊಡುವುದೋ ಬಿಡುವುದೋ ಅಂತ ನೋಡುತ್ತಾರೆ. ಆ ಸಮಿತಿಯ ಅಧ್ಯಕ್ಷರ ಮನೆ ಕಟ್ಟಿದ್ದು ಅವರ ತಂದೆ. ಅವರ ಹಲ್ಲನ್ನು ಯಾರಾದರೂ ಕೇಳಿದರೇ? ಪ್ರತಿ ಸಲ ಹಲ್ಲು ಬಿಟ್ಟು ತೋರಿಸಬೇಕಾದವರು ನಾವೇ ಯಾಕೆ?

ಹಾಗಾಗಿ ನನಗೆ ಬೇಕಾದದ್ದು ಗೆಲುವಲ್ಲ. ಅವರು ಒಂದು ಸುಳ್ಳು ಹೇಳಿದ್ದಾರೆ, ಅದರ ಮೇಲೆ ನಿನ್ನ ಹೆಸರಿದೆ. ಆ ಹೆಸರನ್ನು ಅದರಿಂದ ಬಿಡಿಸಿಕೋ. ಮೂವತ್ತನೇ ತಾರೀಖು ಬಾ.

ನಿನ್ನಪ್ಪನಿಗೆ ನಾನು ಏನೂ ಹೇಳಿಲ್ಲ. ನನ್ನ ಬಾಯಿಂದ ಬಂದರೆ ಅಕ್ಕನ ಹಟ ಅಂತಾನೆ, ಕಿವಿಗೇ ಹಾಕಿಕೊಳ್ಳುವುದಿಲ್ಲ. ಅವನಿಗೆ ಈ ಸ್ಟ್ರಾಂಷಿಯಂ ಗಿಂಷಿಯಂ ತಲೆಗೆ ಹೋಗುವುದೂ ಇಲ್ಲ. ನೀನು ಎದುರು ನಿಂತು ಒಂದು ಮಾತು ಹೇಳಿದರೆ ಸಾಕು.

ಕೆಲಸ ಹೋದರೆ ಅಂತ ನೀನು ಕೇಳಿಲ್ಲ. ಕೇಳಿಲ್ಲ ಅನ್ನುವುದನ್ನು ನಾನು ಗಮನಿಸಿದ್ದೇನೆ.

ಅತ್ತೆ


೪ ಏಪ್ರಿಲ್

ಅತ್ತೆ,

ಹಕ್ಕು ಇದ್ದವರಿಗೆ ಮಾತ್ರ ಒಳಗೆ ಪ್ರವೇಶ ಅಂತ ನಿನ್ನನ್ನು ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ್ದನ್ನು ನಾನು ಮರೆಯುವುದಿಲ್ಲ. ವರದಿಯಲ್ಲಿ ಹೆಸರಿದೆ ಅಂತ ನನ್ನನ್ನು ಒಳಗೆ ಬಿಟ್ಟರು. ಹೊರಗೆ ಬಂದಾಗ ನನ್ನ ಬಸ್ಸು ಹೊರಡುವುದರಲ್ಲಿತ್ತು, ನಿನಗೆ ಒಂದು ಮಾತೂ ಹೇಳಲಾಗಲಿಲ್ಲ. ಒಳಗೆ ಏನಾಯಿತು ಅಂತ ಬರೆಯುತ್ತೇನೆ.

ಅಧ್ಯಕ್ಷರು ನಡುವೆ, ಪ್ರೊಫೆಸರರು ಅವರ ಬಲಕ್ಕೆ. ನನ್ನನ್ನು ನೋಡಿ ಪ್ರೊಫೆಸರರು ನಕ್ಕರು, ಹುಡುಗರು ತರಗತಿ ತಪ್ಪಿ ಒಳಗೆ ಬಂದರೆ ನಗುತ್ತಾರಲ್ಲ ಹಾಗೆ. ಅಪ್ಪ ಮೇಜಿನ ಎದುರು ಕೂತಿದ್ದ, ಪೆನ್ನಿನ ಮುಚ್ಚಳ ತೆಗೆದಾಗಿತ್ತು. ನಾನು ಬರುತ್ತೇನೆ ಅಂತ ಅವನಿಗೆ ಗೊತ್ತಿರಲಿಲ್ಲ. ಎದ್ದು ನಿಂತು ತನ್ನ ಕುರ್ಚಿ ನನ್ನ ಕಡೆಗೆ ತಳ್ಳಿದ.

ನಾನು ಕೂರಲಿಲ್ಲ. ಏಣಿಯ ನಕ್ಷೆಯನ್ನು ಮೇಜಿನ ಮೇಲಿಟ್ಟು ಹೇಳಬೇಕಾದದ್ದನ್ನು ಹೇಳಿದೆ. ಒಂದು ತೂತು ಹುಟ್ಟಿದ ಜಾಗ ಮಾತ್ರ ಹೇಳುತ್ತದೆ, ಬದುಕಿದ ಜಾಗ ಅಲ್ಲ ಅಂತ. ಬೇಲಿ ಹಾಕಿ, ಬಿಡಿ, ಅದಕ್ಕೆ ಈ ವರದಿಯನ್ನು ಸಾಕ್ಷಿ ಅನ್ನಬೇಡಿ ಅಂತ. ಇದಿನ್ನೂ ಪ್ರಕಟವಾಗಿಲ್ಲ ಅಂದರು ಪ್ರೊಫೆಸರರು. ಪ್ರಕಟಿಸದಿದ್ದವರು ಯಾರು ಅಂತ ಕೇಳಿದೆ. ಆಗ ಅಧ್ಯಕ್ಷರು ನಕ್ಷೆಯನ್ನು ಮಗುಚಿ ಇಟ್ಟು, "ವಿಜ್ಞಾನಿಯಾಗಿ ಹೇಳ್ತಿದ್ದೀರೋ, ಇವರ ಮಗಳಾಗಿ ಹೇಳ್ತಿದ್ದೀರೋ?" ಅಂದರು.

"ಆ ಹಲ್ಲು ಕೊರೆದವಳಾಗಿ" ಅಂದೆ.

ಅಪ್ಪ ಮೇಜಿನ ಮೇಲೆ ಮಗುಚಿದ್ದ ನಕ್ಷೆಯನ್ನು ನೆಟ್ಟಗೆ ತಿರುಗಿಸಿದ. ನೋಡಿದ. ಪೆನ್ನಿನ ಮುಚ್ಚಳ ಹಾಕಿದ. "ಇವತ್ತು ಆಗಲ್ಲ" ಅಂದ. ನನ್ನ ಪಕ್ಕದಲ್ಲೇ ಹಾದು ಹೊರಗೆ ನಡೆದ.

ನನಗೆ ಖುಷಿಯಾಯಿತು, ಅತ್ತೆ. ಓಡಿ ಹಿಂದೆ ಹೋದೆ. ಅವನು ನನ್ನ ಮುಖ ನೋಡಲಿಲ್ಲ. ಯಾಕೆ? ಸಹಿ ಹಾಕಲಿಲ್ಲ ಅಂದ ಮೇಲೆ ನನ್ನ ಮಾತು ಒಪ್ಪಿದ ಅಂತಲ್ಲವೇ?

ಮರುದಿನ ಪ್ರಯೋಗಾಲಯದ ಬಾಗಿಲಿಗೆ ಬೆರಳು ಒತ್ತಿದರೆ ತೆರೆಯಲಿಲ್ಲ. ಕೈ ತೊಳೆದು ಒರೆಸಿಕೊಂಡು ಮತ್ತೆ ಒತ್ತಿದೆ. ಕಾವಲಿನವನು ತಲೆ ತಗ್ಗಿಸಿಕೊಂಡು, "ನಿಮ್ಮ ಬೆರಳು ತೆಗೆದುಹಾಕಿದ್ದಾರೆ, ಮೇಡಂ" ಅಂದ. ನನ್ನ ಚಪ್ಪಲಿ, ಚಹಾ ಲೋಟ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಂದವು. ತಪ್ಪೊಪ್ಪಿಗೆ ಪತ್ರ ಬರೆದುಕೊಟ್ಟರೆ ಯೋಚಿಸುತ್ತಾರಂತೆ. ಅದರ ಬದಲು ವರದಿ ಅಚ್ಚು ಹಾಕಿದ ಪತ್ರಿಕೆಗೇ ತಿದ್ದುಪಡಿ ಹಾಕಿ ಅಂತ ಬರೆದಿದ್ದೇನೆ, ನನ್ನೊಬ್ಬಳ ಹೆಸರಿನಲ್ಲಿ.

ಅಪ್ಪ ಯಾಕೆ ನೋಡಲಿಲ್ಲ?

ಮೊಂಡಿ


೧೨ ಏಪ್ರಿಲ್

ಮಗಳೇ,

ಯಾಕೆ ಅಂತ ಕೇಳಿದೆ. ನಾನೂ ಕೇಳಿದೆ. ಕೇಳಬಾರದಿತ್ತು ಅನ್ನಿಸುವಷ್ಟು ಚೆನ್ನಾಗಿ ಹೇಳಿದ.

ಅವತ್ತಿನಿಂದ ಅವನು ಮಾತು ಬಿಟ್ಟಿದ್ದ. ಕುರಿಗಳ ಜೊತೆ ಮಾತ್ರ ಮಾತು. ನಾನು ಊಟಕ್ಕೆ ಕರೆದರೆ ಟಗರಿಗೆ, "ನನಗೆ ಹಸಿವಿಲ್ಲ ಅಂತ ಹೇಳು" ಅನ್ನುತ್ತಿದ್ದ. ಕೊನೆಗೆ ನಿನ್ನ ಪತ್ರ ಬಂದ ದಿನ ನಾನು ತಡೆಯಲಾರದೆ, ನಿನ್ನ ಮಗಳ ಕೆಲಸ ಹೋಗಿದೆ, ಇನ್ನೂ ಎಷ್ಟು ದಿನ ಈ ಬಿಗುಮಾನ ಅಂದೆ.

ಕತ್ತರಿ ಹಿಡಿದು ಉಣ್ಣೆ ಕತ್ತರಿಸುತ್ತಿದ್ದ. ಅರ್ಧ ಬೋಳಾದ ಕುರಿಯನ್ನು ಬಿಟ್ಟು ಎದ್ದು ನಿಂತ. ನಾನು ಅವನನ್ನು ಎತ್ತಿ ಆಡಿಸಿದವಳು, ಅವನ ಆ ಮುಖ ನೋಡಿರಲಿಲ್ಲ.

"ಜನವರಿಯಿಂದ ನೀನೂ ಅವಳೂ ಕಾಗದ ಬರ್ಕೊಂಡ್ರಿ. ಹಲ್ಲು ಅಂದ್ರಿ, ಏಣಿ ಅಂದ್ರಿ. ಹಕ್ಕು ನಂದು, ಸಹಿ ನಂದು. ನನಗೆ ಒಂದು ಸಾಲು ಯಾರೂ ಬರೀಲಿಲ್ಲ. ಇವನಿಗೆ ಅರ್ಥ ಆಗಲ್ಲ ಅಂತ ಅವಳಿಗೆ ಯಾರು ಹೇಳಿದ್ದು? ನಿನಗೆ ಯಾರು ಹೇಳಿದ್ದು? ಸಮಿತಿಯವ್ರು ಒಂದು ಪುಟ ತೋರಿಸಿ ಸಹಿ ಹಾಕು ಅಂದ್ರು, ನೀವು ಇನ್ನೊಂದು ಪುಟ ತೋರಿಸಿ ಹಾಕಬೇಡ ಅಂತೀರಿ. ನಾನೇನು ಕುರೀನಾ, ಆ ಕಡೆ ಹುಶ್ ಅಂದ್ರೆ ಆ ಕಡೆ, ಈ ಕಡೆ ಹುಶ್ ಅಂದ್ರೆ ಈ ಕಡೆ?"

ಅರ್ಧ ಬೋಳು ಕುರಿ ನಮ್ಮಿಬ್ಬರ ಮುಖ ನೋಡುತ್ತಾ ನಿಂತಿತ್ತು.

ಅವನು ಅಂದದ್ದು ನಿಜ. ನಾವಿಬ್ಬರೂ ಪ್ರೊಫೆಸರರನ್ನು ಬೈದೆವು, ಒಂದು ವಾಕ್ಯ ಕೊಟ್ಟು ಸುಮ್ಮನಿರಿಸಿದರು ಅಂತ. ನಾನು ನಿನಗೆ ಬರೆದದ್ದೇನು? ಎದುರು ನಿಂತು ಒಂದು ಮಾತು ಹೇಳಿದರೆ ಸಾಕು ಅಂತ. ಬಯಲು ಯಾರದು ಅಂತ ಕೇಳಿದರೆ ನಮ್ಮದು ಅಂತ ಕೂಗುತ್ತೇನೆ, ಅದರಲ್ಲಿ ಅವನನ್ನು ಮಾತ್ರ ಲೆಕ್ಕಕ್ಕೇ ಹಿಡಿದಿಲ್ಲ. ನನಗೆ ನನ್ನ ಮೇಲೇ ರೇಗಿತು, ಅದರ ಜೊತೆಗೆ ಅವನು ಸರಿ ಅನ್ನುವುದಕ್ಕೂ ರೇಗಿತು.

ಇನ್ನು ನನಗೆ ಬರೆಯಬೇಡ. ಅವನಿಗೆ ಬರೆ. ಅಣ್ಣತಮ್ಮಂದಿರ ಕಥೆ ಹೇಳಿ ಮುಗಿಸಬೇಡ. ನಿಮ್ಮ ದೊಡ್ಡವರಿಗೆ ಹೇಗೆ ಬರೆಯುತ್ತೀಯೋ ಹಾಗೆ ಬರೆ, ಅಂಕಿ ಸಮೇತ, ನಕ್ಷೆ ಸಮೇತ, ನಿನಗೆ ಎಲ್ಲಿ ಅನುಮಾನ ಇದೆಯೋ ಅದರ ಸಮೇತ. ನೀನು ತಲೆಯಾಡಿಸಿದ್ದನ್ನೂ ಬರೆ. ಸಹಿ ಹಾಕು, ಹಾಕಬೇಡ ಅಂತ ಮಾತ್ರ ಬರೆಯಬೇಡ.

ಅತ್ತೆ


೯ ಮೇ

ಮೊಂಡಿ,

ಬರೆಯಬೇಡ ಅಂದದ್ದು ನಿನಗೆ. ನಾನು ಬರೆಯುವುದಿಲ್ಲ ಅಂತ ಹೇಳಿರಲಿಲ್ಲ.

ನಿನ್ನ ದಪ್ಪ ಲಕೋಟೆ ಬಂದು ಎರಡು ವಾರವಾಯಿತು. ಅವನು ನನಗೆ ಮುಟ್ಟಲು ಬಿಡುವುದಿಲ್ಲ. ಬೆಳಿಗ್ಗೆ ಮಂದೆ ಬಿಡುವ ಮುಂಚೆ ಹೊಸ್ತಿಲ ಮೇಲೆ ಕೂತು ಒಂದು ಪುಟ, ಸಂಜೆ ಒಂದು ಪುಟ. ಅದೂ ಹೊಸ ಪುಟವಲ್ಲ, ಬೆಳಗಿನದ್ದೇ, ಮರುದಿನವೂ ಎಷ್ಟೋ ಸಲ ಅದೇ. ಸರಾಸರಿ ಅಂದರೇನು ಅಂತ ಶಾಲೆಯ ಮಾಸ್ತರನ್ನು ಕೇಳಿಕೊಂಡು ಬಂದ. ನಾನು ಹೇಳಿಕೊಡಲು ಹೋದರೆ, "ನೀನು ನಿಂದು ಓದಿದ್ದೀಯ, ಇದು ನಂದು" ಅಂದ. ನೀನು ಬೇರೊಂದು ಪ್ರಯೋಗಾಲಯಕ್ಕೆ ಅರ್ಜಿ ಹಾಕಿದ್ದು, ಪತ್ರಿಕೆಯವರು ಉತ್ತರ ಕೊಡದೆ ಸತಾಯಿಸುತ್ತಿರುವುದು, ಎಲ್ಲ ನನಗೆ ಅವನ ಬಾಯಿಂದ ಸೋರಿದಷ್ಟೇ. ಎಷ್ಟು ಸೋರಿಸಬೇಕು ಅಂತ ಅಳತೆ ಮಾಡಿ ಸೋರಿಸುತ್ತಾನೆ. ಹೊಟ್ಟೆ ಉರಿಯುತ್ತದೆ, ಉರಿಯಲಿ.

ಬಿಸಿಲು ಏರಿತು ಅಂತ ಸೋಮವಾರ ಮಂದೆ ಹತ್ತಿಸಿದೆವು. ಕಂಬಗಳು ಇನ್ನೂ ದಾರಿಯ ಬಾಯಲ್ಲೇ ಬಿದ್ದಿವೆ. ಸಹಿ ಇಲ್ಲದೆ ನೆಡುವ ಹಾಗಿಲ್ಲ. ಮರಿಗಳು ಅವುಗಳ ಮೇಲೆ ಹತ್ತಿ ಹಾರಿ ಆಡಿದವು, ದೊಡ್ಡವು ಬೆನ್ನು ಉಜ್ಜಿಕೊಂಡು ಹೋದವು.

ನಿನ್ನೆ ಕಾರ್ಯದರ್ಶಿ ಹುಡುಕಿಕೊಂಡು ಮೇಲಕ್ಕೇ ಬಂದಿದ್ದ. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತ್ತು, ಕಂಕುಳಲ್ಲಿ ಕಾಗದದ ಕಟ್ಟು, ಕೈಯಲ್ಲಿ ಟೋಪಿಯ ಪೊಟ್ಟಣ. ಏದುಸಿರು ಬಿಡುತ್ತಾ ಬಂಡೆಯ ಮೇಲೆ ಕೂತ. ನಿನ್ನಪ್ಪ ಪಕ್ಕದ ಬಂಡೆಯ ಮೇಲೆ ನಿನ್ನ ಪತ್ರ ತೊಡೆಯ ಮೇಲಿಟ್ಟುಕೊಂಡು, ಗಾಳಿಗೆ ಹಾರದಂತೆ ಕಲ್ಲು ಹೇರಿ, ಬೆರಳಿಟ್ಟು ಓದುತ್ತಿದ್ದ. ತಲೆ ಎತ್ತಲಿಲ್ಲ.

"ಮೇಲಿನವರು ಒತ್ತಾಯ ಮಾಡ್ತಿದ್ದಾರೆ ಯಜಮಾನರೇ. ತೀರ್ಮಾನ ಏನು?"

"ಓದ್ತಾ ಇದ್ದೀನಿ."

"ಎಷ್ಟು ಪುಟ ಇದೆ?"

"ಇಪ್ಪತ್ತೆರಡು."

"ಎಷ್ಟನೇ ಪುಟದಲ್ಲಿದ್ದೀರಿ?"

ನಿನ್ನಪ್ಪ ಬೆರಳು ತೆಗೆಯದೆ ಅವನನ್ನು ನೋಡಿದ. ಇಳಿಜಾರಿನಲ್ಲಿ ಹರಡಿಕೊಂಡು ಮೇಯುತ್ತಿದ್ದ ಮಂದೆಯನ್ನು ನೋಡಿದ. ಅವನ ಮುಖದಲ್ಲಿ ನಗು ಇರಲಿಲ್ಲ, ದೇವರಾಣೆ ಇರಲಿಲ್ಲ.

"ನಾಲ್ಕು" ಅಂದ. "ಮುಗಿದ ಮೇಲೆ ಹೇಳಿ ಕಳಿಸ್ತೀನಿ. ನಾನು ಒಂದು ಸಲ ಓದಿ ಬಿಡೋನಲ್ಲ."

ಅತ್ತೆ